ಇಂಟರ್ವಲ್‌ಗೆ ಮುಂಚೆ ಸಾಯುವವನು

ನಾನು ನಟಿಸಿದ ಸಿನಿಮಾಗಳಲ್ಲಿ ಇಂಟರ್ವಲ್ ದಾಟಿ ಬದುಕಿದ್ದು ಅಪರೂಪ. ಗುಂಡು ತಗುಲಿ ಸತ್ತಿದ್ದೇನೆ, ಲಾರಿ ಹಾಯ್ದು ಸತ್ತಿದ್ದೇನೆ, ವಿಷ ಹಾಕಿದ ಪಾಯಸ ಕುಡಿದು ಸತ್ತಿದ್ದೇನೆ. ಒಂದರಲ್ಲಂತೂ ಯಾರೂ ಏನೂ ಮಾಡದಿದ್ದರೂ ಫೋನಿನಲ್ಲಿ ಸುದ್ದಿ ಕೇಳಿ ಎದೆ ಹಿಡಿದುಕೊಂಡು ಬಿದ್ದಿದ್ದೇನೆ. ನನ್ನ ನಟನೆ ನೋಡಲಾರದೆ ಸಾಯಿಸುತ್ತಾರೆ ಅಂತ ನಮ್ಮ ಭಾಮೈದ ಹೇಳುತ್ತಾನೆ. ಅದು ಸುಳ್ಳು. ನಟನೆಯನ್ನು ಅಷ್ಟು ಗಮನ ಕೊಟ್ಟು ನೋಡುವ ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ. ಕಡಿಮೆ ಬಜೆಟ್ ಚಿತ್ರದಲ್ಲಿ ಯಾರು ಬದುಕಬೇಕು, ಯಾರು ಹೋಗಬೇಕು ಅನ್ನುವುದನ್ನು ತೀರ್ಮಾನಿಸುವವರು ಕಥೆ ಬರೆದವರಲ್ಲ, ಪ್ರೊಡಕ್ಷನ್ ಮ್ಯಾನೇಜರ್. ಪಾತ್ರ ಸತ್ತರೆ ಕಾಲ್‌ಶೀಟ್ ಮುಗಿಯಿತು. ನಾಳೆಯಿಂದ ಬಾಟಾ, ಅಂದರೆ ದಿನದ ಖರ್ಚಿನ ದುಡ್ಡು, ಇಲ್ಲ, ಊಟ ಇಲ್ಲ, ಲಾಡ್ಜಿನಲ್ಲಿ ಹಾಸಿಗೆ ಇಲ್ಲ. ಕ್ಲೈಮ್ಯಾಕ್ಸಿಗೆ ಹೀರೋ ಜೊತೆ ಕಾಂಬಿನೇಶನ್ ಡೇಟ್ ಹೊಂದಿಸುವ ತಲೆನೋವೂ ಇಲ್ಲ.

ಒಮ್ಮೆ ಸಕಲೇಶಪುರದಲ್ಲಿ ನಾನು ನಾಯಕನ ಅಣ್ಣ. ಬೆಂಗಳೂರಿನಲ್ಲಿ ಕಥೆ ಹೇಳುವಾಗ ಆ ಅಣ್ಣ ಕೊನೆಯ ದೃಶ್ಯದಲ್ಲಿ ತಮ್ಮನ ಮದುವೆಗೆ ಅಕ್ಷತೆ ಹಾಕುತ್ತಿದ್ದ. ಅಲ್ಲಿ ಹೋದಮೇಲೆ ಮಳೆ ಹಿಡಿಯಿತು. ಶೂಟಿಂಗ್ ನಿಂತಿತು, ಜನರೇಟರ್ ಬಾಡಿಗೆ ನಿಲ್ಲಲಿಲ್ಲ. ಸಂಜೆ ನಿರ್ದೇಶಕರು ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಜಗಲಿಗೆ ಕರೆದುಕೊಂಡು ಹೋದರು. "ಅಣ್ಣಾ, ನಿಮ್ಮ ಕ್ಯಾರೆಕ್ಟರ್‌ಗೆ ಒಂದು ಒಳ್ಳೇ ಎಮೋಷನಲ್ ಎಕ್ಸಿಟ್ ಹೊಳೆದಿದೆ" ಅಂದರು. ನಾನು ಬ್ಯಾಗ್ ಜೋಡಿಸಿಕೊಳ್ಳೋಕೆ ಎದ್ದೆ.

ಈ ಲೋಕಕ್ಕೆ ನಾನು ಬಂದದ್ದು ತುರುವೇಕೆರೆ ಕಡೆಯ ಒಂದು ಹಳ್ಳಿಯಿಂದ. ನಮ್ಮ ಕಡೆ ಜಾತ್ರೆ, ಹಬ್ಬ ಅಂದರೆ ಕುರುಕ್ಷೇತ್ರ ನಾಟಕ. ರಾತ್ರಿ ಶುರುವಾದರೆ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ದುರ್ಯೋಧನನ ತೊಡೆ ಮುರಿಯುತ್ತದೆ. ಅಲ್ಲಿನ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು: ಪಾತ್ರ ಮಾಡುವವನಿಗೆ ದುಡ್ಡು ಕೊಡುವುದಿಲ್ಲ, ಪಾತ್ರ ಮಾಡುವವನೇ ದುಡ್ಡು ಕಟ್ಟಬೇಕು. ಸೀನರಿ, ಮೈಕ್ ಸೆಟ್, ಹಾರ್ಮೋನಿಯಂ ಮೇಷ್ಟ್ರ ಸಂಬಳ, ಹೊರಗಿನಿಂದ ಕರೆಸುವ ಸ್ತ್ರೀ ಪಾತ್ರದ ನಟಿಯರ ಸಂಭಾವನೆ ಎಲ್ಲ ಅದರಲ್ಲೇ ನಡೆಯಬೇಕು. ದುರ್ಯೋಧನನಿಗೆ ರೇಟು ಜಾಸ್ತಿ, ಕೃಷ್ಣನಿಗೂ ಪೈಪೋಟಿ, ಸಾರಥಿ ಅಗ್ಗ. ನಮ್ಮಪ್ಪ ಒಂದು ವರ್ಷ ತೆಂಗಿನಕಾಯಿ ಮಾರಿದ ದುಡ್ಡು ತಂದು ಕರ್ಣನ ಪಾತ್ರಕ್ಕೆ ಕಟ್ಟಿದ್ದರು. ಅಮ್ಮ ಆ ಕರ್ಣನನ್ನು ಇವತ್ತಿಗೂ ಕ್ಷಮಿಸಿಲ್ಲ. ನನ್ನ ಯೋಗ್ಯತೆಗೆ ಶಕುನಿ ಸಿಕ್ಕಿತು. ಒಂದು ಕಂದಪದ್ಯ ಹೇಳಿದ್ದಕ್ಕೆ ಯಾರೋ "ಒನ್ಸ್ ಮೋರ್" ಅಂದರು. ಅದೊಂದು ಕೂಗಿಗೆ ನಾನು ಬೆಂಗಳೂರು ಬಸ್ ಹತ್ತಿದೆ.

ಹಾಗಾಗಿ ಗಾಂಧಿನಗರದಲ್ಲಿ ಮೊದಲ ಸಲ ಒಬ್ಬರು "ಒಳ್ಳೇ ಪಾತ್ರ ಇದೆ, ನೀವೆಷ್ಟು ಹಾಕ್ತೀರ?" ಅಂತ ಕೇಳಿದಾಗ ನನಗೆ ಗಾಬರಿ ಆಗಲಿಲ್ಲ. "ಯಾವ ಪಾತ್ರಕ್ಕೆ ಎಷ್ಟು, ಲಿಸ್ಟ್ ಇದೆಯಾ?" ಅಂದೆ. ನೋಟಿನ ಹಾರ ಬಿದ್ದರೆ ಅದು ಪಾತ್ರಧಾರಿಗೆ ಸೇರುತ್ತೋ ಕಂಪನಿಗೋ ಅಂತಲೂ ವಿಚಾರಿಸಿದೆ. ಇವನು ತನಗಿಂತ ಹಳೇ ಹುಲಿ ಅಂದುಕೊಂಡ ಆ ಮನುಷ್ಯ ಕಾಫಿ ಕುಡಿಸಿ ಕಳಿಸಿಬಿಟ್ಟ.

ಇದು 2004ರ ಹೊತ್ತಿನ ಮಾತು. ಮೆಜೆಸ್ಟಿಕ್ ಸುತ್ತಮುತ್ತ ಲಾಡ್ಜಿನ ರೂಮುಗಳಲ್ಲೇ ಎಷ್ಟೋ ಸಿನಿಮಾ ಕಂಪನಿಗಳು ನಡೆಯುತ್ತಿದ್ದವು. ಬಾಗಿಲಿಗೆ ಬ್ಯಾನರಿನ ಹೆಸರು ಅಂಟಿಸಿದ ಕಾಗದ, ಒಳಗೆ ಗಣಪತಿ ಫೋಟೋ, ಮಂಚದ ಮೇಲೆ ಸ್ಕ್ರಿಪ್ಟ್ ಚರ್ಚೆ. ನಾನು ಕಲಾಸಿಪಾಳ್ಯದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬಿಲ್ ಬರೆಯುತ್ತಿದ್ದೆ. ಮಧ್ಯಾಹ್ನ ಊಟದ ಹೊತ್ತಲ್ಲಿ ಆಲ್ಬಂ ಹಿಡಿದು ಗಾಂಧಿನಗರ ಸುತ್ತುವುದು. ಆಲ್ಬಂನಲ್ಲಿ ಸ್ಟುಡಿಯೋದವನು ತೆಗೆದ ನವರಸ: ನಗುವ ನಾನು, ಕೋಪದ ನಾನು, ಫೋನಿನಲ್ಲಿ ಮಾತಾಡುವ ನಾನು, ಗಲ್ಲಕ್ಕೆ ಕೈ ಕೊಟ್ಟು ಶೂನ್ಯ ನೋಡುವ ನಾನು. ಪ್ರತಿ ಆಫೀಸಿನಲ್ಲೂ ಒಂದು ಫೋಟೋ ತೆಗೆದಿಟ್ಟುಕೊಂಡು "ಹೇಳಿ ಕಳಿಸ್ತೀವಿ" ಅನ್ನುತ್ತಿದ್ದರು. ಒಮ್ಮೆ ಹಾಗೆ ಕೊಟ್ಟ ಕೋಪದ ಫೋಟೋ ಅದೇ ಆಫೀಸಿನ ಟೇಬಲ್ಲಿನ ಮೇಲೆ ಬಜ್ಜಿಯ ಎಣ್ಣೆ ಹೀರುತ್ತಾ ಮಲಗಿದ್ದನ್ನು ನೋಡಿದೆ. ಆ ಕಂಪನಿಯಿಂದಲೇ ನನಗೆ ಮೊದಲ ಚಾನ್ಸ್ ಬಂದದ್ದು. ಬಜ್ಜಿ ತಿನ್ನುವಾಗ ಮುಖ ನೋಡಿದರಂತೆ.

ಮುಹೂರ್ತದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲವೂ ಒಂದೇ ಥರ. ಗವಿಪುರದ ಬಂಡೆ ಮಹಾಕಾಳಿ ಗುಡಿ, ಹಾರ, ಶಾಲು, ಒಬ್ಬ ಗಣ್ಯರು ಕ್ಲಾಪ್, ಇನ್ನೊಬ್ಬ ಗಣ್ಯರು ಕ್ಯಾಮೆರಾ ಚಾಲನೆ. ಆಮೇಲೆ ನಿರ್ದೇಶಕರು ಮೈಕ್ ಹಿಡಿದು "ಇದೊಂದು ವಿಭಿನ್ನ ಕಥಾಹಂದರ" ಅನ್ನುವುದು. ವಿಭಿನ್ನ ಅಲ್ಲದ ಕಥಾಹಂದರ ನಾನು ಇದುವರೆಗೆ ಕೇಳಿಲ್ಲ.

ಪಾತ್ರ ಸಿಗುವುದಕ್ಕೆ ಪ್ರತಿಭೆಗಿಂತ ಬೀರುವಿನಲ್ಲಿ ಏನಿದೆ ಅನ್ನುವುದು ಮುಖ್ಯ ಅಂತ ನನಗೆ ಬೇಗ ಅರ್ಥವಾಯಿತು. ಫೋನ್ ಹೀಗೆ ಬರುತ್ತಿತ್ತು: "ಸಾರ್, ನಿಮ್ಮ ಹತ್ರ ಖಾಕಿ ಪ್ಯಾಂಟ್ ಇದೆಯಾ? ಬ್ರೌನ್ ಶೂ?" ಇದೆ ಅಂದರೆ ಇನ್‌ಸ್ಪೆಕ್ಟರ್, ಪ್ಯಾಂಟ್ ಇದೆ ಶೂ ಇಲ್ಲ ಅಂದರೆ ಕಾನ್‌ಸ್ಟೇಬಲ್. ನನ್ನ ಅದೃಷ್ಟಕ್ಕೆ ಮಾವನವರು ಮದುವೆಗೆ ಹೊಲಿಸಿದ ಒಂದು ಕಪ್ಪು ಕೋಟಿತ್ತು. ಆ ಕೋಟಿನಿಂದ ನಾನು ವಕೀಲನಾದೆ, ಬ್ಯಾಂಕ್ ಮ್ಯಾನೇಜರ್ ಆದೆ, ನಾಯಕಿಯ ಶ್ರೀಮಂತ ಸೋದರಮಾವನಾದೆ. ನಾನು ಸತ್ತಮೇಲೂ ಕೋಟಿಗೆ ಕೆಲಸ ಇರುತ್ತಿತ್ತು. ಕಾಸ್ಟ್ಯೂಮರ್ ಅದನ್ನು ನನ್ನ ಮೈಯಿಂದ ಬಿಚ್ಚಿಸಿ, ಒದ್ದೆ ಬಟ್ಟೆಯಲ್ಲಿ ರಕ್ತ ಒರೆಸಿ, ನನ್ನನ್ನು ಕೊಂದ ಆರೋಪಿಯ ಪರ ವಾದಿಸುವ ವಕೀಲನಿಗೆ ತೊಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೊನೆಗೆ ಒಬ್ಬ ಮ್ಯಾನೇಜರ್ ಮುಚ್ಚುಮರೆ ಇಲ್ಲದೆ ಹೇಳಿಯೇಬಿಟ್ಟ: "ಸಾರ್, ನಿಮಗೆ ಬಿಡುವಿಲ್ಲದಿದ್ರೆ ಪರವಾಗಿಲ್ಲ, ಕೋಟ್ ಕಳಿಸಿ." ಕೋಟಿಗೆ ಬಾಟಾ ಕೇಳಿದೆ. ಡ್ರೈ ಕ್ಲೀನಿಂಗ್ ಖರ್ಚಿಗೆ ಒಪ್ಪಿದ, ಅದನ್ನೂ ಕೊಡಲಿಲ್ಲ.

ಇನ್ನು ನನ್ನ ಸಾವುಗಳಲ್ಲಿ ಅತಿ ದೀರ್ಘವಾದದ್ದು ರಾಮನಗರದ ಕಡೆ ಒಂದು ಕಲ್ಲು ಕ್ವಾರಿಯಲ್ಲಿ ಸಂಭವಿಸಿತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈಗಿನ ಹುಡುಗರಿಗೆ ನೆಗೆಟಿವ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಆಗ ಸಿನಿಮಾ ಓಡುತ್ತಿದ್ದದ್ದು 35 ಎಂಎಂ ಫಿಲ್ಮಿನ ಮೇಲೆ. ಕ್ಯಾಮೆರಾದ ಮ್ಯಾಗಜೀನ್‌ಗೆ, ಅಂದರೆ ಫಿಲ್ಮ್ ತುಂಬುವ ಪೆಟ್ಟಿಗೆಗೆ, 400 ಅಡಿಯ ಒಂದು ಡಬ್ಬಿ ಲೋಡ್ ಮಾಡಿದರೆ ನಾಲ್ಕೂವರೆ ನಿಮಿಷಕ್ಕೆ ಮುಗಿಯುತ್ತದೆ. ದೊಡ್ಡ ಕಂಪನಿಯವರು ಡಬ್ಬಿಗಟ್ಟಲೆ ತರಿಸುತ್ತಿದ್ದರು. ನಮ್ಮಂಥವರ ಕಂಪನಿಗೆ ದೊಡ್ಡ ಚಿತ್ರಗಳಲ್ಲಿ ಮಿಕ್ಕ ತುಂಡುಗಳೇ ಗತಿ. ಇದರಲ್ಲಿ ಎಂಬತ್ತು ಅಡಿ ಇದೆ, ಅದರಲ್ಲಿ ನೂರಿಪ್ಪತ್ತಿದೆ ಅಂತ ಕ್ಯಾಮೆರಾ ಅಸಿಸ್ಟೆಂಟ್ ಡಬ್ಬಿ ಮೇಲೆ ಬರೆದಿಟ್ಟುಕೊಂಡಿರುತ್ತಿದ್ದ. ಕ್ಯಾಮೆರಾ ಗಿರ್ರ್ ಅನ್ನಲು ಶುರುವಾದರೆ ನಿರ್ಮಾಪಕರ ಮುಖ ಆಟೋ ಮೀಟರ್ ನೋಡುವವನ ಮುಖದಂತೆ ಆಗುತ್ತಿತ್ತು. ರಿಹರ್ಸಲ್ ಎಷ್ಟು ಬೇಕಾದರೂ ಮಾಡಿ, ಟೇಕ್ ಮಾತ್ರ ಒಂದೇ ಅನ್ನುವುದು ನಿಯಮ.

ನಾನು ನಾಯಕನ ಪ್ರಾಣಸ್ನೇಹಿತ. ವಿಲನ್ ಕಡೆಯವರ ಗುಂಡಿಗೆ ಎದೆಯೊಡ್ಡಿ, "ಗೆಳೆಯಾ, ಊರು ನಿನ್ನ ಕೈಲಿದೆ" ಅಂದು ಬೀಳಬೇಕು. ಅದು ಒಂದೇ ಟೇಕಿಗೆ ಓಕೆ ಆಯಿತು, ಚಪ್ಪಾಳೆಯೂ ಬಿತ್ತು. ಕಷ್ಟ ಶುರುವಾದದ್ದು ಆಮೇಲೆ. ನನ್ನ ಹೆಣವನ್ನು ತೊಡೆ ಮೇಲೆ ಮಲಗಿಸಿಕೊಂಡು ನಾಯಕ ಒಂದು ಪುಟದ ಶಪಥ ಮಾಡಬೇಕಿತ್ತು. ನಾಯಕ ಯಾರೆಂದರೆ ನಿರ್ಮಾಪಕರ ಹೆಂಡತಿಯ ತಮ್ಮ. ಒಳ್ಳೇ ಹುಡುಗ, ಮೈಕಟ್ಟು ಚೆನ್ನಾಗಿತ್ತು, ಸೈಟ್ ವ್ಯವಹಾರದಲ್ಲಿ ಕೈ ಪಳಗಿತ್ತು. ಆದರೆ ಎರಡು ಸಾಲಿಗಿಂತ ಹೆಚ್ಚು ಮಾತು ಒಟ್ಟಿಗೆ ಬಾಯಿಗೆ ಬರುತ್ತಿರಲಿಲ್ಲ. ಕ್ಯಾಮೆರಾ ಪಕ್ಕದಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ಕೂತು ಪ್ರಾಂಪ್ಟ್ ಮಾಡುತ್ತಿದ್ದ. "ಈ ಮಣ್ಣಿನ ಆಣೆ" ಅಂತ ಇವನು ಅಂದರೆ "ಈ ಮಣ್ಣಿನ ಆಣೆ" ಅಂತ ಅವನು. "ಅವರ ವಂಶ ನಿರ್ವಂಶ" ಅಂದರೆ ಅವನು "ನಿರ್ಮಾಂಸ" ಅಂದ. ನನಗೆ ಹೊಟ್ಟೆ ಕುಲುಕಿತು. "ಕಟ್! ಹೆಣ ನಗ್ತಿದೆ!"

ನನ್ನ ಎದೆಯ ಮೇಲೆ ಹಚ್ಚಿದ್ದ ರಕ್ತವನ್ನು ಮೇಕಪ್‌ನವರು ಕೊಂಡು ತಂದದ್ದಲ್ಲ, ಪ್ರೊಡಕ್ಷನ್‌ನ ಅಡುಗೆಯವರು ತಯಾರಿಸಿದ್ದು. ಸಕ್ಕರೆ ಪಾಕಕ್ಕೆ ಜಿಲೇಬಿಗೆ ಹಾಕುವ ಬಣ್ಣ ಕಲಸಿದ್ದು. ಮಧ್ಯಾಹ್ನದ ಬಿಸಿಲಲ್ಲಿ ಬಂಡೆ ಕಾದು ಪಾಕ ಎಳೆ ಬರುವ ಹದಕ್ಕೆ ಬಂತು. ಮೊದಲು ಎರಡು ನೊಣ. ಆಮೇಲೆ ಬಂಡೆಯ ಸೀಳಿನಿಂದ ಕಟ್ಟಿರುವೆಯ ಸಾಲು ಹೊರಟಿತು. ಕಣ್ಣು ಅರೆತೆರೆದು ಸತ್ತಿದ್ದೆನಾದ್ದರಿಂದ ಅವು ಬರುವುದು ನನಗೆ ಚೆನ್ನಾಗಿ ಕಾಣುತ್ತಿತ್ತು. ಮೊದಲು ಷರ್ಟಿನ ಅಂಚು, ಆಮೇಲೆ ಎರಡನೇ ಗುಂಡಿ, ಅಲ್ಲಿ ಒಂದು ನಿಂತು ಮೀಸೆ ಅಲ್ಲಾಡಿಸಿ ಉಳಿದವಕ್ಕೆ ಏನೋ ಹೇಳಿತು, ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು. ನಾಯಕ ಆಗ "ನಿನ್ನ ಒಂದೊಂದು ಹನಿ ರಕ್ತಕ್ಕೂ..." ಅನ್ನುವಲ್ಲಿಗೆ ಬಂದಿದ್ದ. ನಾನು ಉಸಿರು ಬಿಗಿಹಿಡಿದೆ. ಶಾಟ್ ಓಕೆ ಆದಮೇಲೆ ಹೆಣ ಎದ್ದು ಷರ್ಟ್ ಹರಿದುಕೊಂಡು ಕ್ವಾರಿಯ ನೀರಿಗೆ ಓಡಿದ್ದನ್ನು ಸ್ಟಿಲ್ ಫೋಟೋಗ್ರಾಫರ್ ಮಾತ್ರ ತೆಗೆದ. ಆ ಚಿತ್ರದಲ್ಲಿ ನನ್ನ ಅತ್ಯುತ್ತಮ ಅಭಿನಯ ಅದೇ.

ಸತ್ತ ದೃಶ್ಯ ಆದಮೇಲೆ ಒಂದು ಶಾಸ್ತ್ರ ಇದೆ. ಹೆಣವಾದವನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ನಗಿಸಿ ಒಂದು ಶಾಟ್ ತೆಗೆಯಬೇಕು, ಇಲ್ಲದಿದ್ದರೆ ಕೆಡುಕು ಅಂತ. ಇರುವೆ ಕಚ್ಚಿದ ಮೈಯಲ್ಲಿ ಬಂದು ನಗುತ್ತಾ ನಿಂತೆ. ಕ್ಯಾಮೆರಾ ಓಡುವ ಸದ್ದೇ ಇಲ್ಲ. "ಯಾಕ್ ಸಾರ್, ಗಿರ್ರ್ ಅನ್ನಲ್ವಲ್ಲ?" ಅಂದೆ. ಕ್ಯಾಮೆರಾಮನ್ ಮೆಲ್ಲಗೆ ಹೇಳಿದರು: "ನೆಗೆಟಿವ್ ಇಲ್ಲಪ್ಪ, ಸುಮ್ನೆ ನಗು. ದೇವರೇನು ಮ್ಯಾಗಜೀನ್ ಬಿಚ್ಚಿ ನೋಡ್ತಾನಾ?"

2006ರ ಡಿಸೆಂಬರ್ ಕೊನೆಗೆ 'ಮುಂಗಾರು ಮಳೆ' ಬಂತು. ಅದು ವರ್ಷಗಟ್ಟಲೆ ಓಡಿದ್ದೇ ತಡ, ಗಾಂಧಿನಗರದ ಪ್ರತಿ ಲಾಡ್ಜಿನ ರೂಮಿನಲ್ಲೂ ಮಳೆ ಶುರುವಾಯಿತು. ಅಲ್ಲಿಯವರೆಗೆ ಮಚ್ಚು ಹಿಡಿದು ಓಡಾಡುತ್ತಿದ್ದ ಕಥೆಗಳೆಲ್ಲ ಕೊಡೆ ಹಿಡಿದವು. ನಿಜವಾದ ಮಳೆಯಲ್ಲಿ ಶೂಟ್ ಮಾಡೋಣ ಅಂದರೆ ಬೆಳಕು ಸಾಲದು, ಕ್ಯಾಮೆರಾ ನೆನೆಯುತ್ತೆ. ಹಾಗಾಗಿ ಬಿಸಿಲು ಕಾಲದಲ್ಲಿ ಟ್ಯಾಂಕರ್ ತರಿಸಿ ಪೈಪಿನಲ್ಲಿ ಮಳೆ ಸುರಿಸಬೇಕು. ನಮ್ಮ ಕಂಪನಿಗೆ ಒಂದೇ ಟ್ಯಾಂಕರ್, ಒಂದೇ ಪೈಪ್. ಇಬ್ಬರಿಗಿಂತ ಹೆಚ್ಚು ಜನರ ಮೇಲೆ ಮಳೆ ಸುರಿಸುವಷ್ಟು ಅಗಲ ಅದಕ್ಕಿಲ್ಲ. ಹೀರೋ ಹೀರೋಯಿನ್ ಇಬ್ಬರೂ ಮಳೆಯಲ್ಲಿ, ಎದುರಿಗೆ ಬೈಯುತ್ತಾ ನಿಂತ ಅಪ್ಪ, ಅಂದರೆ ನಾನು, ಪೂರ್ತಿ ಒಣ. ಸಜೆಶನ್ ಶಾಟ್‌ನಲ್ಲಿ, ಅಂದರೆ ನನ್ನ ಹಿಂದಿನಿಂದ ಅವರನ್ನು ತೆಗೆಯುವ ಶಾಟ್‌ನಲ್ಲಿ, ನನ್ನ ಭುಜ ಕಾಣುತ್ತೆ ಅಂತ ಅಸಿಸ್ಟೆಂಟ್ ಹುಡುಗ ಬಂದು ಬಿಸ್ಲೇರಿ ಬಾಟಲಿಯಿಂದ ಎಡ ಭುಜಕ್ಕೆ ಮಾತ್ರ ನೀರು ಹಾಕಿದ. ಚಿತ್ರ ನೋಡಿದ ನಮ್ಮೂರಿನ ಹಿರಿಯರೊಬ್ಬರು, "ನಿನ್ನ ಮೇಲೆ ಮಳೆನೂ ಬರಲ್ವಲ್ಲೋ" ಅಂದರು.

ಆಮೇಲೆ ಡಿಜಿಟಲ್ ಬಂತು. ಮದುವೆ ಫೋಟೋ ತೆಗೆಯುವ ಕ್ಯಾಮೆರಾದಲ್ಲೇ ಸಿನಿಮಾ ತೆಗೆಯಬಹುದು ಅಂತಾಯಿತು. ನೆಗೆಟಿವ್ ಖರ್ಚು ಉಳಿಯಿತು, ನಮ್ಮ ಸಂಭಾವನೆ ಏರಲಿಲ್ಲ. ಏರಿದ್ದು ಟೇಕುಗಳು. ಮೊದಲು ಒಂದೇ ಟೇಕಿಗೆ ಸಾಯುತ್ತಿದ್ದವನು ಈಗ "ಇನ್ನೊಂದ್ ಸಲ ಟ್ರೈ ಮಾಡೋಣ ಸಾರ್" ಅಂತ ಸಂಜೆವರೆಗೂ ಸಾಯಬೇಕಾಯಿತು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನಟನ ಕೈಯಲ್ಲಿರುವ ಒಂದೇ ಆಯುಧ ಡಬ್ಬಿಂಗ್. ಶೂಟಿಂಗ್ ಆಗುವಾಗ ಅಡ್ವಾನ್ಸ್ ಒಂದಿಷ್ಟು, ನಡುವೆ ಒಂದಿಷ್ಟು, ಬಾಕಿ ಡಬ್ಬಿಂಗ್‌ಗೆ ಮುಂಚೆ ಸೆಟಲ್ ಮಾಡಬೇಕು ಅನ್ನುವುದು ವಾಡಿಕೆ. ಮೈಕ್ ಮುಂದೆ ನಿಂತು ಬಾಯಿ ತೆರೆಯುವ ಮುಂಚೆ ಕೈ ಚಾಚಬೇಕು. ಬಾಯಿ ತೆರೆದಾದ ಮೇಲೆ ಚಾಚಿದರೆ "ರಿಲೀಸ್ ಆಗ್ಲಿ" ಅನ್ನುತ್ತಾರೆ. ನಾನು ಇದನ್ನು ಹಿರಿಯ ಕಲಾವಿದರೊಬ್ಬರಿಂದ ಕಲಿತು ಒಂದು ಸಲ ಗಟ್ಟಿಯಾಗಿ ಕೂತೆ. ಬಾಕಿ ಕೊಡದೆ ಬರಲ್ಲ ಅಂದೆ. ಮ್ಯಾನೇಜರ್ "ನೋಡೋಣ ಸಾರ್" ಅಂದು ಫೋನ್ ಇಟ್ಟ. ಎಷ್ಟು ಕಾದರೂ ಮತ್ತೆ ಫೋನ್ ಇಲ್ಲ. ಆಯುಧ ಕೆಲಸ ಮಾಡಿತು, ಅವರು ಒದ್ದಾಡುತ್ತಿದ್ದಾರೆ ಅಂತ ಖುಷಿಯಲ್ಲಿದ್ದೆ.

ಚಿತ್ರ ಬಿಡುಗಡೆಯಾದಾಗ ಅಮ್ಮನನ್ನು ಕರೆದುಕೊಂಡು ಹೋದೆ. ಪರದೆ ಮೇಲೆ ನಾನು ಬಂದು ಬಾಯಿ ತೆರೆದೆ, ಮಂಗಳೂರು ಕಡೆಯ ಒಬ್ಬರ ದನಿ ಹೊರಗೆ ಬಂತು. ನಾನು ಮಂಡ್ಯ ಸೀಮೆಯ ಗೌಡನ ಪಾತ್ರ, ಪಂಚೆ, ಹೆಗಲ ಮೇಲೆ ಟವೆಲ್, ಮಾತು ಮಾತ್ರ "ಎಂಥದು ಮಾರಾಯ" ಅನ್ನುವ ಧಾಟಿ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದೇ ಡಬ್ಬಿಂಗ್ ಕಲಾವಿದ ಅದೇ ದೃಶ್ಯದಲ್ಲಿ ಇನ್‌ಸ್ಪೆಕ್ಟರ್‌ಗೂ ಪೂಜಾರಿಗೂ ದನಿ ಕೊಟ್ಟಿದ್ದ. ಮೂವರು ಜಗಳ ಆಡುತ್ತಿದ್ದರೆ ಕಣ್ಣು ಮುಚ್ಚಿ ಕೇಳಿದವರಿಗೆ ಯಾರೋ ಒಬ್ಬ ತನ್ನಷ್ಟಕ್ಕೆ ತಾನೇ ರೇಗಾಡಿಕೊಳ್ಳುತ್ತಿದ್ದಾನೆ ಅನಿಸಬೇಕು. ಅಮ್ಮ ನನ್ನ ಗಂಟಲು ಮುಟ್ಟಿ ನೋಡಿ, "ಶೀತ ಆಗಿತ್ತೇನೋ ಆಗ?" ಅಂದಳು.

ಸೆನ್ಸಾರ್ ಬಗ್ಗೆ ನನ್ನದೊಂದು ದೂರಿದೆ, ಮಂಡಳಿಯ ಮೇಲಲ್ಲ, ಒಂದು ಮೇಕೆಯ ಮೇಲೆ. ಮೇಲುಕೋಟೆಯ ಹತ್ತಿರ ತೆಗೆದ ಒಂದು ಚಿತ್ರದಲ್ಲಿ ನನಗೆ ಕುರಿ ಮೇಕೆ ಕಾಯುವವನ ಪಾತ್ರ. ಜೀವಮಾನದಲ್ಲಿ ಮೊದಲ ಸಲ ಇಂಟರ್ವಲ್ ದಾಟಿ ಬದುಕಿದ್ದೆ. ಮಗ ಪಟ್ಟಣಕ್ಕೆ ಹೋಗಿ ಮರೆತಿದ್ದಾನೆ, ಅಪ್ಪ ತನ್ನ ದುಃಖವನ್ನೆಲ್ಲ ಮೇಕೆಗೆ ಹೇಳಿಕೊಳ್ಳುತ್ತಾನೆ. ಮೇಕೆ ಕೂಡ ಅದ್ಭುತವಾಗಿ ಸಹಕರಿಸಿತು, ಸರಿಯಾದ ಜಾಗದಲ್ಲಿ ತಲೆ ಎತ್ತಿ ನೋಡಿತು. ಲೈಟ್ ಹುಡುಗ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಸೆನ್ಸಾರ್‌ಗೆ ಹೋದಾಗ ಕೇಳಿದರು: ಪ್ರಾಣಿ ಬಳಸಿದ್ದೀರಿ, ಪ್ರಾಣಿ ಕಲ್ಯಾಣ ಮಂಡಳಿಯ ನಿರಾಕ್ಷೇಪಣಾ ಪತ್ರ ಎಲ್ಲಿ? ಅದರ ಆಫೀಸ್ ಆಗ ಚೆನ್ನೈನಲ್ಲಿತ್ತು. ಅಲ್ಲಿಗೆ ಓಡಾಡುವುದು, ಕಾಯುವುದು, ರಿಲೀಸ್ ಡೇಟ್ ತಪ್ಪುವುದು ಯಾರಿಗೆ ಬೇಕು? ನಿರ್ಮಾಪಕರು ಮೇಕೆ ಇರುವ ಶಾಟ್ ಎಲ್ಲ ಕತ್ತರಿಸಿ ಅಂದರು. ಮೇಕೆ ಇಲ್ಲದ ಶಾಟ್ ನನ್ನದೊಂದೂ ಇರಲಿಲ್ಲ. ಮೇಕೆ ಹೋದ ದಾರಿಯಲ್ಲೇ ನಾನೂ ಹೋದೆ. ಚಿತ್ರದ ಶುರುವಿನಲ್ಲಿ ಯಾವ ಪ್ರಾಣಿಗೂ ಹಿಂಸೆ ಮಾಡಿಲ್ಲ ಅಂತ ಕಾರ್ಡ್ ಹಾಕುತ್ತಾರಲ್ಲ, ಪೋಷಕ ನಟರ ಬಗ್ಗೆ ಅಂಥದ್ದೊಂದು ಕಾರ್ಡನ್ನು ನಾನು ಎಲ್ಲೂ ನೋಡಿಲ್ಲ.

2012ರ ಅಕ್ಟೋಬರ್‌ನಿಂದ ಇನ್ನೊಂದು ನಿಯಮ ಬಿಗಿಯಾಯಿತು, ಬೀಡಿ ಸಿಗರೇಟ್ ಕಾಣಿಸಿದಾಗ ಪರದೆಯ ಕೆಳಗೆ ಎಚ್ಚರಿಕೆ ಬರಬೇಕು ಅಂತ. ಅದೇ ಹೊತ್ತಿಗೆ ನನಗೊಂದು ವಿಲನ್‌ನ ಬಲಗೈ ಬಂಟನ ಪಾತ್ರ ಬಂತು. ಮಾತಿರಲಿಲ್ಲ. ಮಾತಿಲ್ಲದವನು ಏನಾದರೂ ಮಾಡುತ್ತಿರಬೇಕಲ್ಲ ಅಂತ ನಿರ್ದೇಶಕರು ಬಾಯಿಗೊಂದು ಬೀಡಿ ಕೊಟ್ಟರು. ಟೈಟಲ್ ಕಾರ್ಡಿನಲ್ಲಿ ನನ್ನ ಹೆಸರು ಬಿಟ್ಟುಹೋಗಿತ್ತು. ಆದರೆ ನಾನು ಬಂದಾಗಲೆಲ್ಲ ನನ್ನ ಮುಖದ ಕೆಳಗೆ "ಧೂಮಪಾನ ಆರೋಗ್ಯಕ್ಕೆ ಹಾನಿಕರ" ಅಂತ ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ನಮ್ಮ ಬೀದಿಯ ಮಕ್ಕಳು ಬಹಳ ದಿನ ನನ್ನನ್ನು ಹಾನಿಕರ ಅಂಕಲ್ ಅಂತಲೇ ಕರೆಯುತ್ತಿದ್ದವು.

ಬಿಡುಗಡೆಯೆಂಬುದು ಶುಕ್ರವಾರ ಹುಟ್ಟಿ ಗುರುವಾರ ತೀರಿಕೊಳ್ಳುವ ಕೂಸು. 2018ರ ಹೊತ್ತಿಗೆ ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ಬರುತ್ತಿದ್ದವು, ಒಂದೊಂದು ಶುಕ್ರವಾರ ಆರೇಳು. ಕೆಂಪೇಗೌಡ ರಸ್ತೆಯ ಥಿಯೇಟರಿಗೆ ವಾರದ ಬಾಡಿಗೆ ಕಟ್ಟಿ ಹಾಕಿಸಿಕೊಳ್ಳಬೇಕು. ಕಲೆಕ್ಷನ್ ಬರಲಿ ಬಿಡಲಿ ಬಾಡಿಗೆ ಬಾಡಿಗೆಯೇ. ಮೊದಲ ಶೋಗೆ ನಾಯಕನ ಊರಿನಿಂದ ಟೆಂಪೋದಲ್ಲಿ ಜನ ಬರುತ್ತಾರೆ, ತಮಟೆ ಬಡಿಯುತ್ತಾರೆ, ಕಟೌಟಿಗೆ ಹಾಲು ಹಾಕುತ್ತಾರೆ, ಒಳಗೆ ಹೋಗಿ ಎಸಿಯಲ್ಲಿ ನಿದ್ದೆ ಹೊಡೆಯುತ್ತಾರೆ. ಮ್ಯಾಟಿನಿಗೆ ನಾವು ನಾವೇ. ಅಷ್ಟಾದರೂ ಇಂಥವರು ಯಾಕೆ ಸಿನಿಮಾ ಮಾಡುತ್ತಾರೆ ಅಂದರೆ, ಸರ್ಕಾರದ 10 ಲಕ್ಷ ಸಬ್ಸಿಡಿಯ ಆಸೆ ಕೆಲವರಿಗೆ, ಟಿವಿ ಹಕ್ಕಿನ ಆಸೆ ಕೆಲವರಿಗೆ. ಆದರೆ ಹೆಚ್ಚಿನವರಿಗೆ ಬೇಕಾದದ್ದು ನಮ್ಮಪ್ಪನಿಗೆ ಬೇಕಾಗಿದ್ದದ್ದೇ. ಸೈಟ್ ಮಾರಿಯೋ ತೆಂಗಿನಕಾಯಿ ಮಾರಿಯೋ ಒಂದು ರಾತ್ರಿ ಕರ್ಣ ಆಗಬೇಕು. ಈ ಕಾರಣಕ್ಕೆ ನನಗೆ ದುಡ್ಡು ಕೊಡದ ನಿರ್ಮಾಪಕರ ಮೇಲೂ ಪೂರ್ತಿ ಸಿಟ್ಟು ಮಾಡಿಕೊಳ್ಳಲು ಆಗಿಲ್ಲ. ಅರ್ಧ ಮಾಡಿಕೊಂಡಿದ್ದೇನೆ.

ಆ ಬಾಕಿಗಳೆಲ್ಲ ಒಂದೇ ವಾರದಲ್ಲಿ ವಸೂಲಾದ ಕಥೆ ಹೇಳದಿದ್ದರೆ ಈ ವೃತ್ತಾಂತ ಅಪೂರ್ಣ. 2016ರ ನವೆಂಬರ್ 8, ಮಂಗಳವಾರ ರಾತ್ರಿ. 500, 1,000ದ ನೋಟು ರದ್ದು ಅಂತ ಪ್ರಧಾನಿಯವರು ಟಿವಿಯಲ್ಲಿ ಹೇಳಿ ಮುಗಿಸಿರಲಿಲ್ಲ, ನನ್ನ ಫೋನ್ ರಿಂಗಾಯಿತು. ವರ್ಷಗಳಿಂದ ನನ್ನ ನಂಬರ್ ನೋಡಿದರೆ ಫೋನ್ ಎತ್ತದಿದ್ದ ನಿರ್ಮಾಪಕರು! "ಏನ್ ಬ್ರದರ್, ಮರ್ತೇಬಿಟ್ರಾ ನಮ್ಮನ್ನ? ನಿಮ್ಮದೊಂದು ಪೇಮೆಂಟ್ ಬಾಕಿ ಇತ್ತಲ್ಲ, ಮನಸ್ಸಿಗೆ ಕೊರೀತಿದೆ. ಬನ್ನಿ ಈಗಲೇ." ಅವರದ್ದು ಮುಗಿಯುವಷ್ಟರಲ್ಲಿ ಇನ್ನೊಬ್ಬರು. ಡಬ್ಬಿಂಗ್‌ಗೆ ಕರೆಯದೆ ನನ್ನ ಗಂಟಲು ಬದಲಾಯಿಸಿದವರೂ ಬಂದರು. "ನಿಮ್ಮ ವಾಯ್ಸೇ ಇರಬೇಕಿತ್ತು ಸಾರ್, ನಮ್ಮ ಡೈರೆಕ್ಟರ್ ಮಾತು ಕೇಳಿ ಹಾಳಾಯ್ತು" ಅಂತ ಎರಡು ಕಟ್ಟು ಕೈಗಿಟ್ಟರು. ಅಂದು ರಾತ್ರಿ ಬೆಂಗಳೂರಲ್ಲಿ ಎಷ್ಟು ಜನ ಕಲಾವಿದರಿಗೆ ಬಾಕಿ ಸಂದಾಯವಾಯಿತೋ, ಲೆಕ್ಕ ಇಟ್ಟವರಿಲ್ಲ.

ಗುರುವಾರ ಬ್ಯಾಂಕ್ ತೆರೆದಾಗ ನಾನೂ ಕ್ಯೂನಲ್ಲಿ ನಿಂತೆ. ಬದಲಿಸಿಕೊಳ್ಳುವುದಾದರೆ ಒಬ್ಬರಿಗೆ 4,000 ಮಾತ್ರ, ಉಳಿದದ್ದು ಖಾತೆಗೆ ಕಟ್ಟಬೇಕು. ಬಿಸಿಲು ಏರಿತ್ತು. ಮುಂದಿದ್ದ ಮುದುಕರೊಬ್ಬರು ತಿರುಗಿ ತಿರುಗಿ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಕೇಳಿದರು: "ನೀವು ಬಂಡೆ ಮೇಲೆ ಸತ್ತೋರಲ್ವಾ?" ಹೌದು ಅಂದೆ. "ಟಿವಿಯಲ್ಲಿ ಮಧ್ಯಾಹ್ನ ಹಾಕ್ತಿರ್ತಾರೆ. ಪಾಪ, ಚೆನ್ನಾಗಿ ಸತ್ರಿ. ಆ ಹೀರೋ ಬಡ್ಡೀಮಗ ಎಷ್ಟು ಹೊತ್ತು ಕೊರೀತಾನ್ರೀ." ಹಿಂದಿದ್ದವರಿಗೂ ಅವರೇ ಪರಿಚಯ ಮಾಡಿಕೊಟ್ಟರು. ಇಬ್ಬರು ಸೆಲ್ಫಿ ತೆಗೆದುಕೊಂಡರು. ಕ್ಯೂನಲ್ಲಿ ಮುಂದೆ ಬಿಟ್ಟರಾ? ಇಲ್ಲ. ಅಭಿಮಾನ ಬೇರೆ, ಕ್ಯೂ ಬೇರೆ.

ಈಗ ಶೂಟಿಂಗ್ ಕಡಿಮೆ. ಕೊರೋನಾ ಆದಮೇಲೆ ಸೀರಿಯಲ್‌ಗಳಲ್ಲಿ ಆಗಾಗ ಮಾವ, ಜೋಯಿಸ. ಮೊನ್ನೆ ಹಳೇ ಮ್ಯಾನೇಜರ್ ಒಬ್ಬ ಫೋನ್ ಮಾಡಿದ. "ಸಾರ್, ಹೀರೋ ತಂದೆ ಪಾತ್ರ. ಇಡೀ ಸಿನಿಮಾದಲ್ಲಿ ಇರ್ತೀರ. ಪ್ರತಿ ಸೀನಲ್ಲೂ." ನಂಬಲಾಗಲಿಲ್ಲ. "ಎಷ್ಟು ದಿನದ ಕಾಲ್‌ಶೀಟ್?" ಅಂದೆ. "ಕಾಲ್‌ಶೀಟ್ ಏನೂ ಬೇಡ ಸಾರ್. ಕೋಟ್ ಹಾಕ್ಕೊಂಡಿರೋ ಒಂದು ಫೋಟೋ ವಾಟ್ಸಾಪ್ ಮಾಡಿ ಸಾಕು. ನೀವು ಕಥೆ ಶುರುವಾಗೋಕ್ ಮುಂಚೇನೇ ತೀರ್ಕೊಂಡಿರ್ತೀರ. ಗೋಡೆ ಮೇಲೆ ಫ್ರೇಮ್, ಶ್ರೀಗಂಧದ ಹಾರ. ಹೀರೋ ಬಂದು ಬಂದು ನಿಮ್ಮ ಮುಂದೆ ಅಳ್ತಾನೆ."

ಸ್ಪೀಕರಿನಲ್ಲಿತ್ತು. ಅಡುಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದೇ ಬಂದಳು. "ಬದುಕಿರೋ ಗಂಡಸಿನ ಫೋಟೋಗೆ ಹಾರ ಹಾಕೋದಾ? ನಿಮ್ಮನೇಲಿ ಯಾರ ಫೋಟೋನೂ ಇಲ್ವಾ?" ಅಂತ ಫೋನ್ ಕಿತ್ತುಕೊಂಡಳು.

"ಅಯ್ಯೋ ಅಕ್ಕ, ಪಾತ್ರ ಅಷ್ಟೇ ಅಕ್ಕ. ಮಾಮೂಲಿ ಎರಡು ಸಾವಿರ ಕೊಡ್ತೀವಿ."

"ಎರಡು ಸಾವಿರಕ್ಕೆ ಕೋಟಿನ ಫೋಟೋ ಮಾತ್ರ. ಹಾರ ಹಾಕೋದಾದ್ರೆ ಬೇರೆ. ಗುಡೀಲಿ ಮೃತ್ಯುಂಜಯ ಹೋಮ ಮಾಡಿಸ್ಬೇಕು, ಅದಕ್ಕೆ ಐದು ಸಾವಿರ. ದೃಷ್ಟಿ ತೆಗೆಯೋದು, ಎಳ್ಳು ದಾನ ಎಲ್ಲ ಸೇರಿ ಎಂಟು ಮಾಡಿ."

"ಅಕ್ಕ, ಲೋ ಬಜೆಟ್ ಅಕ್ಕ."

"ಹಾಗಾದ್ರೆ ಹೀರೋ ತಂದೆ ಬದುಕಿದ್ದಾರೆ, ದುಬೈನಲ್ಲಿದ್ದಾರೆ ಅಂತ ಕಥೆ ಬದಲಾಯಿಸ್ಕೊಳ್ಳಿ. ಹಾರದ ಖರ್ಚೂ ಉಳಿಯುತ್ತೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ನಿರ್ದೇಶಕರ ಹತ್ತಿರ ಏನೋ ಗುಸುಗುಸು ಕೇಳಿಸಿತು. ಆಮೇಲೆ ಆರು ಸಾವಿರಕ್ಕೆ ಒಪ್ಪಿದರು. ಹತ್ತು ನಿಮಿಷದಲ್ಲಿ ದುಡ್ಡು ಫೋನ್‌ಪೇನಲ್ಲಿ ಬಂತು, ಅದೂ ಪೂರ್ತಿ, ಅದೂ ಫೋಟೋ ಕಳಿಸುವ ಮುಂಚೆ. ಬಂದದ್ದು ಅವಳ ನಂಬರಿಗೆ. ಹೋಮ ಇನ್ನೂ ಮಾಡಿಸಿಲ್ಲ, ಮಿಕ್ಸಿ ಬಂದಿದೆ. ಈಗ ಮ್ಯಾನೇಜರ್‌ಗಳು ಡೇಟ್ ಕೇಳೋದಕ್ಕೆ ಫೋನ್ ಮಾಡುವುದೂ ಅವಳಿಗೇ.